ಮೂರೇ ಮುಖದ ಆಕಾಶಬುಟ್ಟಿ

ನಾನು ಒಂದು ತಗಡಿನ ಡಬ್ಬಿ. ನಾಲ್ಕು ಮುಖ, ಒಂದು ಹೊಟ್ಟೆ, ಅಷ್ಟೇ ನನ್ನ ಸಂಸಾರ. "ಅಯ್ಯ, ಎಣ್ಣಿ ಡಬ್ಬಿ" ಎಂದು ಮೂಗು ಮುರಿಯುವವರಿಗೆ ನಾನು ಉತ್ತರ ಕೊಡಲು ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಹಾಳೆಯಾಗಿ ಬಿದ್ದಿದ್ದ ನನ್ನನ್ನು ಮಡಚಿ, ಬೆಸೆದು, ನೆತ್ತಿಯ ಮೇಲೊಂದು ಹಳದಿ ಸೂರ್ಯಕಾಂತಿ ಹೂವನ್ನು ಅಚ್ಚು ಹಾಕಿ, ಕಂಠಮಟ್ಟ ಎಣ್ಣೆ ತುಂಬಿದರು. ಆ ಹೂವಿನ ಬಗ್ಗೆ ನನಗೆ ಬಹಳ ಜಂಬವಿತ್ತು. ಅದೇ ಹೂವು ಮುಂದೆ ನನ್ನನ್ನು ಇಷ್ಟು ಕಾಡುತ್ತದೆಂದು ಯಾರಿಗೆ ಗೊತ್ತಿತ್ತು!

ಮದುವೆಮನೆಯ ಅಡುಗೆಯವರು ಎಣ್ಣೆ ಖಾಲಿ ಮಾಡಿ ಮೂಲೆಗೆ ಎಸೆದಿದ್ದ ನನ್ನನ್ನು ಫಕೀರಪ್ಪ ಹೆಗಲ ಮೇಲಿಟ್ಟುಕೊಂಡು ಮನೆಗೆ ತಂದ. ಅವನು ಲಾರಿ ಡ್ರೈವರ್. ಹುಬ್ಬಳ್ಳಿಯ ಅಂಚಿನಲ್ಲಿ, ದೊಡ್ಡ ರಸ್ತೆಗೆ ಮುಖ ಮಾಡಿದ ಪುಟ್ಟ ಮನೆ ಅವನದು. ಬಂದವನೇ ನನ್ನ ನೆತ್ತಿಯನ್ನು ಕತ್ತರಿಸಿ ತೆಗೆದ. ಹೆಂಡತಿ ಪಾರವ್ವನ ಕೈ ಕೊಯ್ಯಬಾರದೆಂದು ಅಂಚನ್ನೆಲ್ಲ ಸುತ್ತಿಗೆಯಿಂದ ಬಡಿದು ಮಡಚಿದ. ಕತ್ತರಿಸಿದ ತಗಡನ್ನೂ ಬಿಡಲಿಲ್ಲ. ಅವನ ಹವಾಯಿ ಚಪ್ಪಲಿಯ ಪಟ್ಟಿ ಹೆಬ್ಬೆರಳಿನ ಹತ್ತಿರ ಪದೇ ಪದೇ ಕಿತ್ತು ಬರುತ್ತಿತ್ತು. ಸೂರ್ಯಕಾಂತಿಯ ಎಸಳಿದ್ದ ಒಂದು ಚೂರನ್ನು ದುಂಡಗೆ ಕತ್ತರಿಸಿ, ಚಪ್ಪಲಿಯ ಅಡಿಗೆ ಬಿಲ್ಲೆಯಂತೆ ಕೂರಿಸಿ, ಪಟ್ಟಿಯನ್ನು ಬಿಗಿದ.

"ನೋಡ ಪಾರಿ, ಇನ್ನ ಮ್ಯಾಲ ನಾ ಹೂವಿನ ಮ್ಯಾಲ ನಡಿಯಾಂವ" ಎಂದು ಕಾಲೆತ್ತಿ ತೋರಿಸಿದ.

"ಸಾಕ್ ಸಾಕು, ಕಾಲ್ ಕೆಳಗಿಡ್ರಿ" ಎಂದು ಪಾರವ್ವ ನಕ್ಕಳು.

ನನ್ನೊಳಗೆ ಅವಳು ಜೋಳದ ಹಿಟ್ಟು ತುಂಬಿದಳು. ಅಡುಗೆಮನೆಯಲ್ಲಿ ಒಲೆಯ ಪಕ್ಕದ ಜಾಗ, ದಿನಾ ಬೆಳಗ್ಗೆ ಬಳೆ ತುಂಬಿದ ಕೈ ಒಳಗೆ ಬರುವುದು, ರೊಟ್ಟಿ ಬಡಿಯುವ ಸದ್ದು. ಸುಖವಾಗಿದ್ದೆ.

ಆದರೆ ಫಕೀರಪ್ಪನಿಗೆ ಒಂದು ಹುಚ್ಚಿತ್ತು. ಎರಡು ಚಾಪೆ ಹಾಸುವಷ್ಟಿದ್ದ ಅಂಗಳವನ್ನು ಹಬ್ಬಹಬ್ಬಕ್ಕೂ ಸಿಂಗರಿಸುವ ಹುಚ್ಚು. ಪೇಟೆಯಿಂದ ಒಂದು ಸಾಮಾನು ತರುವವನಲ್ಲ, ಎಲ್ಲ ಮನೆಯೊಳಗಿನಿಂದಲೇ ಹೊರಡಬೇಕು. ಪಂಚಮಿಗೆ ಹಳೇ ಸೈಕಲ್ ರಿಮ್ಮಿಗೆ ಒಡೆದ ಬಳೆಚೂರು ಪೋಣಿಸಿ ನುಗ್ಗೇಗಿಡಕ್ಕೆ ತೂಗುಬಿಟ್ಟ. ಚೌತಿಗೆ ಸೋಡಾ ಬಾಟಲಿಯ ಬಿಲ್ಲೆಗಳನ್ನು ಬಡಿದು ತೋರಣ ಮಾಡಿದ. ಸಂಕ್ರಾಂತಿಗೆ ಕಾಯಿಚಿಪ್ಪುಗಳಿಗೆ ಬಣ್ಣ ಬಳಿದು ಗಿಳಿ ಮಾಡಿದ. ಸವೆದ ಟಯರು, ಸೋರುವ ಚಹಾ ಕಿಟ್ಲಿ, ಎಲ್ಲದರಲ್ಲೂ ಚೆಂಡುಹೂವಿನ ಸಸಿ.

"ರ್ರೀ, ನನ್ನ ಜರಡಿ ಎಲ್ಲೈತ್ರಿ?" ಎಂದು ಒಳಗಿನಿಂದ ಪಾರವ್ವ ಕೂಗುತ್ತಿದ್ದಳು.

"ತೂತು ಬಿದ್ದಿತ್ತಲ್ಲ ಪಾರಿ, ಬಳ್ಳಿ ಹಬ್ಬಿಸೇನಿ."

"ಅಯ್ಯ ನನ ಕರ್ಮವೇ! ಜರಡಿಗೆ ತೂತ ಇರಲಾರದ ಮತ್ತೇನಿರತಾವ್ರಿ!"

ಹೀಗೆ ನಗುನಗುತ್ತಲೇ ಒಂದು ದೀಪಾವಳಿ ಹತ್ತಿರ ಬಂತು, ನನ್ನ ಸರದಿಯೂ ಬಂತು. ಪಾರವ್ವ ಗಿರಣಿಗೆ ಹೋಗಿದ್ದಾಗ ಫಕೀರಪ್ಪ ನನ್ನೊಳಗೆ ಉಳಿದಿದ್ದ ಹಿಟ್ಟನ್ನು ಪೇಪರಿಗೆ ಸುರಿದು, ನನ್ನನ್ನು ಅಂಗಳಕ್ಕೆ ಹೊತ್ತು ತಂದ. ತಗಡು ನೆಗ್ಗಬಾರದೆಂದು ಹಸಿ ಮರಳನ್ನು ಹೊಟ್ಟೆತುಂಬ ತುರುಕಿ ಬಡಿದ. ಇದ್ದಿಲಿನಿಂದ ಗೆರೆ ಎಳೆದು ಮೊಳೆಯಿಂದ ತೂತು ಹೊಡೆಯತೊಡಗಿದ. ನೋಯಿತು, ಸುಳ್ಳೇಕೆ ಹೇಳಲಿ. ಒಂದು ಮುಖಕ್ಕೆ ಗಿಳಿ, ಒಂದಕ್ಕೆ ಕಮಲ, ಮತ್ತೊಂದಕ್ಕೆ ಅವನದೇ ಲಾರಿ.

ಪುಟ್ಟ ಮಗಳು ಕಸ್ತೂರಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. "ಆಕಾಶಬುಟ್ಟಿ ಯಾಕ ಕಟ್ಟತಾರಪಾ?"

"ಸತ್ತ ಹಿರಿಯಾರು ಕಾರ್ತೀಕದಾಗ ಮನಿ ಹುಡುಕ್ಕೋತ ಬರ್ತಾರಂತ. ಅವರಿಗೆ ದಾರಿ ಕಾಣಬೇಕಲ್ಲ?"

"ಬಂದವರು ಇಲ್ಲೇ ಇರ್ತಾರೇನು?"

"ಹುಚ್ಚಿ! ಕಾರ್ತೀಕ ಮುಗಿಯೂ ಅಮಾಸಿಗೆ ಬುಟ್ಟಿ ಇಳಿಸಿ, 'ಹೋಗಿ ಬರ್ರಿ' ಅಂತ ಕಳಸಬೇಕು. ನಮ್ಮವ್ವ ಹಂಗ ಮಾಡತಿದ್ಲು."

ನಾಲ್ಕನೆಯ ಮುಖಕ್ಕೆ ಏನು ಎಂದು ಕಸ್ತೂರಿ ಕೇಳಿದಳು. ಹೇಳದೆ ನಕ್ಕು ಮೊದಲ ಮೊಳೆ ಹೊಡೆದ. ಅಷ್ಟರಲ್ಲಿ ಫೋನು ಬಂತು. ಉಳ್ಳಾಗಡ್ಡಿ ಲೋಡು ಈಗಲೇ ಹೊರಡಬೇಕಂತೆ. ಅದೇ ಹೊತ್ತಿಗೆ ಪಾರವ್ವ ಗಿರಣಿಯಿಂದ ಬಿಸಿಬಿಸಿ ಹಿಟ್ಟಿನ ಚೀಲ ಹೊತ್ತು ಬಂದಳು. ಬಂದು ನೋಡಿದರೆ ಹಿಟ್ಟಿನ ಡಬ್ಬಿಯ ಮೈತುಂಬ ತೂತು! ಉರಿದುಬಿದ್ದಳು.

"ಈ ಹಿಟ್ಟು ಎಲ್ಲಿ ಹಾಕಲಿ? ನಿಮ್ಮ ತಲೀ ಮ್ಯಾಲ ಹಾಕಲೇನು? ಮನ್ಯಾಗ ಒಂದು ಸಾಮಾನು ನೆಟ್ಟಗ ಉಳಿಸೀರೇನು?"

"ಬಂದು ಹೊಸಾ ಡಬ್ಬಿ ಕೊಡಸ್ತೀನಿ ಬಿಡ. ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ, ನಾನ ಮುಗಸ್ತೀನಿ." ಮೊಳೆ ನನ್ನ ಮೈಯಲ್ಲೇ ನೆಟ್ಟಿತ್ತು. ಗೇಟಿನ ಕಂಬಕ್ಕೆ ಒರಗಿ ಬೀಡಿ ಹಚ್ಚಿ, ತಿರುಗಿ ನೋಡಿ ಕೇಳಿದ: "ಹೋಗ್ಲೇನು?"

ನಮ್ಮ ಕಡೆ ಊರಿಗೆ ಹೊರಟವರಿಗೆ ಬರೀ ಹೋಗು ಎಂದು ಯಾರೂ ಹೇಳುವುದಿಲ್ಲ. ಎಂಥ ಜಗಳವಿದ್ದರೂ ಹೋಗಿ ಬಾ ಎನ್ನುತ್ತಾರೆ. ಪಾರವ್ವ ಪ್ರತಿಸಲವೂ ಗೇಟಿನ ತನಕ ಬಂದು ಹಾಗೆಂದೇ ಕಳಿಸುತ್ತಿದ್ದಳು. ಅವತ್ತು ಮಾತ್ರ ನಿಂತಲ್ಲಿಂದಲೇ ಒದರಿದಳು.

"ಹೋಗ್ರಿ! ಯಾರ ಹಿಡದಾರ ನಿಮ್ಮನ್ನ? ಹೋಗ್ರಿ ಅತ್ತಾಗ!"

ಅವನು ಹೋದ.

ಲಾರಿ ತುಂಗಭದ್ರೆಯ ಸೇತುವೆಯ ಪಕ್ಕ ಸಿಕ್ಕಿತು. ಬಾಗಿಲು ತೆರೆದಿತ್ತು, ಉಳ್ಳಾಗಡ್ಡಿ ಚೀಲ ಒಂದೂ ಅಲುಗಿರಲಿಲ್ಲ. ಮುಖ ತೊಳೆಯಲು ನೀರಿಗಿಳಿದು ಕಾಲು ಜಾರಿರಬೇಕು ಎಂದರು ಜನ. ಹೊಳೆ ತುಂಬಿ ಹರಿಯುತ್ತಿತ್ತು, ದೇಹ ಸಿಗಲಿಲ್ಲ. ದಂಡೆಯಲ್ಲಿ ಸಿಕ್ಕ ಒಂದು ಜೊತೆ ಚಪ್ಪಲಿಯನ್ನು ಪೊಲೀಸರು ಮನೆಗೆ ತಂದು, ನನ್ನ ಎದುರಿಗೇ, ಪಾರವ್ವನಿಗೆ ತೋರಿಸಿದರು. ಮಗುಚಿ ತೋರಿಸಿದಾಗ ಅಡಿಯಲ್ಲಿ ಹಳದಿ ಎಸಳಿನ ತಗಡಿನ ಬಿಲ್ಲೆ ಹೊಳೆಯಿತು. ನನ್ನದೇ ನೆತ್ತಿಯ ಚೂರು! ನನಗೆ ಗುರುತು ಸಿಗದೆ ಇರುತ್ತದೆಯೇ?

ಪಾರವ್ವ ಬಹಳ ಹೊತ್ತು ನೋಡಿದಳು.

"ಇವು ಅವರವಲ್ಲ" ಎಂದಳು.

ಒಳಗೆ ಮರಳು ತುಂಬಿಕೊಂಡು, ಮೈಯಲ್ಲೊಂದು ಮೊಳೆ ಚುಚ್ಚಿಕೊಂಡು, ಬಾಯಿಲ್ಲದ ನಾನು ಸುಮ್ಮನೆ ಕೂತಿದ್ದೆ. ಪೊಲೀಸರು ಚಪ್ಪಲಿ ತೆಗೆದುಕೊಂಡು ಹೋದರು. ಪಾರವ್ವ ಹಣೆಯ ಕುಂಕುಮ ಅಳಿಸಲಿಲ್ಲ, ಕೈಯ ಹಸಿರು ಬಳೆ ತೆಗೆಯಲಿಲ್ಲ, ಗೇಟಿಗೆ ಚಿಲಕ ಹಾಕುವುದನ್ನು ಮಾತ್ರ ಬಿಟ್ಟಳು.

ಕೆಲವು ದಿನ ಕಳೆದ ಮೇಲೆ ಮೊಳೆ ಕಿತ್ತು, ಮರಳು ಸುರಿದು, ಹಬ್ಬಕ್ಕೆಂದು ಅವನು ಎಳೆದಿಟ್ಟಿದ್ದ ಕರೆಂಟಿನ ತಂತಿಗೆ ಬಲ್ಬು ಸಿಕ್ಕಿಸಿ ನನ್ನನ್ನು ನುಗ್ಗೇಗಿಡಕ್ಕೆ ತೂಗುಬಿಟ್ಟಳು. ಮೂರು ಮುಖದ ಚಿತ್ರ ಗೋಡೆ, ಗಿಡ, ಅಂಗಳದ ಮೇಲೆಲ್ಲ ಹರಡಿತು. ನಾಲ್ಕನೆಯ ಕುರುಡು ಮುಖವನ್ನು ಬೇಕೆಂದೇ ಗೇಟಿನ ಕಡೆ ತಿರುಗಿಸಿದಳು. ಅರ್ಧಕ್ಕೆ ಬಿಟ್ಟ ಕೆಲಸ ಅವನ ಕಣ್ಣಿಗೆ ಬೀಳಲಿ ಎಂದು.

ಆ ಮುಖದಲ್ಲಿದ್ದದ್ದು ಒಂದೇ ತೂತು. ಮುಸ್ಸಂಜೆಗೆ ದೀಪ ಹಾಕಿದರೆ ಅದರಿಂದ ಒಂದೇ ಚುಕ್ಕಿ ಬೆಳಕು ಹೋಗಿ ಗೇಟಿನ ಕಂಬದ ಮೇಲೆ, ಒಬ್ಬ ಗಂಡಸಿನ ಬಾಯಿಯ ಎತ್ತರದಲ್ಲಿ ಬೀಳುತ್ತಿತ್ತು. ಯಾರೋ ಕತ್ತಲಲ್ಲಿ ನಿಂತು ಬೀಡಿ ಸೇದುತ್ತಿದ್ದ ಹಾಗೆ. ಗಾಳಿಗೆ ನಾನು ಸ್ವಲ್ಪ ಅಲುಗಿದರೆ ಬೀಡಿಯೂ ಅಲುಗುತ್ತಿತ್ತು.

ಪಾರವ್ವ ಕಟ್ಟೆಯ ಮೇಲೆ ಕೂತು ಅದರ ಜೊತೆ ಮಾತಾಡತೊಡಗಿದಳು. "ಅಲ್ಲೇ ಯಾಕ ನಿಂತೀರಿ? ಒಳಗ ಬರ್ರಿ. ಸಿಟ್ಟಿನ್ನೂ ಹೋಗಿಲ್ಲೇನು? ಬಾಯಿ ತಪ್ಪಿ ಅಂದೆ, ತಪ್ಪಾತು."

ಕಾರ್ತೀಕ ಮುಗಿಯಿತು, ಅವಳು ನನ್ನನ್ನು ಇಳಿಸಲಿಲ್ಲ. ಅಮಾವಾಸ್ಯೆ ದಾಟಿದ ಮೇಲೆ ಆಕಾಶಬುಟ್ಟಿ ಉರಿಯಬಾರದು, ಬಂದವರು ಹೋಗುವುದಿಲ್ಲ ಎಂದು ಓಣಿಯ ಹೆಂಗಸರು ಹೇಳಿ ನೋಡಿದರು. "ಹೋಗೂದು ಯಾರಿಗೆ ಬೇಕಾಗೈತಿ?" ಎಂದಳು ಪಾರವ್ವ. ಸಂಜೆಯಾದರೆ ಜನ ನಮ್ಮ ಗೇಟನ್ನು ತಪ್ಪಿಸಿ ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದರು.

ಹಾಗೇ ವರ್ಷಗಳು ಉರುಳಿದವು. ಕಸ್ತೂರಿ ನನ್ನ ಕೆಳಗೇ ದೊಡ್ಡವಳಾದಳು. ಅಪ್ಪನ ಹುಚ್ಚು ಅವಳ ಕೈಗೆ ಇಳಿದಿತ್ತು. ಹಬ್ಬ ಬಂದರೆ ಶಾಂಪೂ ಬಾಟಲಿ ಕತ್ತರಿಸಿ ತಾವರೆ ಮಾಡುವಳು, ಹಳೇ ಸೀರೆಯ ಅಂಚಿನಿಂದ ಚಿಟ್ಟೆ ಮಾಡುವಳು. "ಅವ್ವಾ, ಇತ್ತಾಗ ನೋಡ" ಎನ್ನುವಳು. ಅವ್ವನ ಕಣ್ಣು ಗೇಟಿನಲ್ಲೇ. ಒಮ್ಮೆ ಹುಡುಗಿಗೆ ತಡೆಯಲಾಗಲಿಲ್ಲ. "ಸತ್ತವರ ಕೂಡ ಇಷ್ಟು ಮಾತಾಡ್ತಿ. ನಾ ಜೀವಂತ ಅದೀನಿ, ನನ್ನ ಕೂಡ ಒಂದು ಮಾತಾಡು!" ಎಂದು ಅತ್ತಳು.

"ಸತ್ತವರು ಅನಬ್ಯಾಡ" ಎಂದಳು ಪಾರವ್ವ. ಅಷ್ಟೇ. ನನಗೆ ಆ ಒಂದು ತೂತಿನ ಮೇಲೆ ಎಂಥ ಸಿಟ್ಟು ಬಂತು ಗೊತ್ತೇ? ತುಕ್ಕಾದರೂ ಹಿಡಿದು ಮುಚ್ಚಿಹೋಗಬಾರದೇ ಎಂದುಕೊಂಡೆ. ಅದೊಂದೇ ತುಕ್ಕು ಹಿಡಿಯಲಿಲ್ಲ.

ಮತ್ತೊಂದು ಕಾರ್ತೀಕ. ಸಂಜೆ ಬಿರುಗಾಳಿ ಎದ್ದಿತು. ನಾನು ಜೋರಾಗಿ ತೂಗಾಡಿದೆ. ಕಂಬದ ಮೇಲಿದ್ದ ಚುಕ್ಕಿ ಅದನ್ನು ಬಿಟ್ಟು ಸರಕ್ಕನೆ ರಸ್ತೆಗೆ ಜಾರಿತು.

"ರ್ರೀ! ನಿಂದರ್ರೀ!" ಪಾರವ್ವ ಚಿಲಕವಿಲ್ಲದ ಗೇಟು ತಳ್ಳಿಕೊಂಡು ಓಡಿದಳು. ನನ್ನನ್ನು ನಾನೇ ಹಿಡಿದು ನಿಲ್ಲಿಸಿಕೊಳ್ಳಲು ನನಗೆ ಕೈಯಿಲ್ಲ. ಚುಕ್ಕಿ ಮುಂದೆ, ಅವಳು ಹಿಂದೆ, ಎದುರಿಗೆ ಲಾರಿಯ ಎರಡು ದೀಪ. ಬ್ರೇಕಿನ ಕಿರುಚಾಟ ಕೇಳಿತು. ಅದಕ್ಕೂ ಮೊದಲೇ ಕಸ್ತೂರಿ ಹಾರಿ ಅವ್ವನ ಸೆರಗು ಹಿಡಿದು ಎಳೆದಿದ್ದಳು. ಇಬ್ಬರೂ ರಸ್ತೆಯ ಅಂಚಿಗೆ ಬಿದ್ದರು.

ಕಸ್ತೂರಿಯ ಮೊಣಕೈಯ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು. ಪಾರವ್ವನಿಗೆ ತರಚುಗಾಯವೂ ಇರಲಿಲ್ಲ, ಬಳೆ ಮಾತ್ರ ಅಷ್ಟೂ ಒಡೆದಿದ್ದವು. ಬರಿದಾದ ಮುಂಗೈ ನೋಡಿದಳು. ಮಗಳ ರಕ್ತ ನೋಡಿದಳು. ಅಂಗಳಕ್ಕೆ ಬಂದು ಸೆರಗು ಹರಿದು ಆ ಮೊಣಕೈಗೆ ಕಟ್ಟುತ್ತ, ಎಷ್ಟೋ ವರ್ಷಗಳ ಮೇಲೆ ಅವಳ ಮುಖವನ್ನೇ ನೋಡಿ ಹೇಳಿದಳು.

"ಆ ಚಪ್ಪಲಿ ನಿಮ್ಮಪ್ಪಂದ ಇತ್ತವಾ. ಹೂವಿನ ತಗಡ ಇತ್ತು. ನಾ ನೋಡಿದ್ದೆ. 'ಅವರವ ಹೌದು' ಅಂದಿದ್ರ ನಾನ ಅವರನ್ನ ಕಳಿಸಿದ ಹಂಗ ಆಗತಿತ್ತು. 'ಬರ್ರಿ' ಅನ್ನಲೇ ಇಲ್ಲ ನಾ."

ಕಸ್ತೂರಿ ಅವ್ವನನ್ನು ತಬ್ಬಿಕೊಂಡಳು. ಇಬ್ಬರೂ ಬಾಯಿಬಿಟ್ಟು ಅತ್ತರು. ಆ ಅಳು ಅಷ್ಟು ವರ್ಷ ಈ ಮನೆಯಲ್ಲೇ ಬಾಕಿ ಉಳಿದಿತ್ತು.

ಮರುದಿನ ಪಾರವ್ವ ನನ್ನನ್ನು ಇಳಿಸಿದಳು. ಹಸಿ ಮರಳು ತುಂಬಿದಳು. ಗೋಡೆಯ ಗೂಡಿನಲ್ಲಿ ಜೋಪಾನವಾಗಿಟ್ಟಿದ್ದ ಅದೇ ಮೊಳೆ ತೆಗೆದಳು. ಕಸ್ತೂರಿ ಇದ್ದಿಲು ಹಿಡಿದು, "ಏನ್ ಬರೀಲಿ, ಲಕ್ಷ್ಮೀ ಪಾದ?" ಎಂದು ಕೇಳಿದಳು.

"ಚಪ್ಪಲಿ ಬರಿ. ಗಂಡಸರ ಹವಾಯಿ ಚಪ್ಪಲಿ."

ಗೇಟಿನಾಚೆ ನಿಂತಿದ್ದ ಪಕ್ಕದ ಮನೆಯ ಸಾವಂತ್ರೆವ್ವ ಗಲ್ಲಕ್ಕೆ ಕೈ ಹಚ್ಚಿದಳು. "ದೀಪದ ಮ್ಯಾಲ ಚಪ್ಪಲಿ ಚಿತ್ರಾ ತಗೀತಾರೇನವಾ ಯಾರಾದ್ರೂ?"

"ನಮ್ಮನ್ಯಾಗ ತಗೀತಾರು" ಎಂದು ಪಾರವ್ವ ಸುತ್ತಿಗೆ ಎತ್ತಿದಳು. ಅವನು ಹೊಡೆದಿದ್ದ ತೂತು ಸರಿಯಾಗಿ ಹೆಬ್ಬೆರಳಿನ ಪಟ್ಟಿ ಕೂರುವ ಜಾಗಕ್ಕೆ ಬರುವಂತೆ ಕಸ್ತೂರಿ ಗೆರೆ ಎಳೆದಿದ್ದಳು. ಈ ಸಲ ನನಗೆ ನೋವಾಗಲಿಲ್ಲ.

ಅಂದು ಸಂಜೆ ಗೇಟಿನ ಕಂಬದ ಮೇಲೆ ಬೀಡಿ ಇರಲಿಲ್ಲ. ಒಂದು ಜೊತೆ ಚಪ್ಪಲಿ ಬೆಳಕಾಗಿ ನಿಂತಿತ್ತು. ಕಾರ್ತೀಕ ಮುಗಿಯುವ ತನಕ ಹಾಗೇ ನಿಂತಿತ್ತು. ಅಮಾವಾಸ್ಯೆಯ ಸಂಜೆ ಪಾರವ್ವ ದೀಪ ಆರಿಸಿ, ನನ್ನನ್ನು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ತನಕ ನಡೆದಳು. ಕಂಬಕ್ಕೆ ಕೈ ಹಚ್ಚಿ ನಿಂತಳು.

"ಹೋಗಿ ಬರ್ರಿ" ಎಂದಳು.

ಆಮೇಲೆ ಗೇಟು ಎಳೆದು ಚಿಲಕ ಹಾಕಿದಳು.

ಈಗ ನನ್ನ ತಳ ತುಕ್ಕು ತಿಂದಿದೆ. ಕಸ್ತೂರಿ ಬೇರೊಂದು ಡಬ್ಬಿಗೆ ನನ್ನ ನಾಲ್ಕೂ ಮುಖದ ಚಿತ್ರವನ್ನು ಇಳಿಸಿಕೊಂಡು, ನನ್ನೊಳಗೆ ಮಣ್ಣು ತುಂಬಿ ಚೆಂಡುಹೂವಿನ ಸಸಿ ಹಚ್ಚಿ ಗೇಟಿನ ಬುಡದಲ್ಲಿ ಕೂರಿಸಿದ್ದಾಳೆ. ನೀರು ಹಾಕಿದರೆ ಚಪ್ಪಲಿಯ ತೂತುಗಳಿಂದ ಜಿನುಗುತ್ತದೆ. ಹೊಸ ಬುಟ್ಟಿ ಕಾರ್ತೀಕದಲ್ಲಿ ಏರುತ್ತದೆ, ಅಮಾವಾಸ್ಯೆಗೆ ಇಳಿಯುತ್ತದೆ, ಪಾರವ್ವ ಗೇಟಿನ ತನಕ ಬಂದು ಅದೇ ಎರಡು ಮಾತು ಹೇಳಿ ಚಿಲಕ ಹಾಕುತ್ತಾಳೆ. ಅವಳು ಒಳಗೆ ಹೋದ ಮೇಲೆ ನಾನೊಬ್ಬನೇ ಅಲ್ಲಿ ಉಳಿಯುತ್ತೇನೆ. ಕತ್ತಲಲ್ಲಿ ಕಿಡಿಯೇನೂ ಕಾಣುವುದಿಲ್ಲ. ಬೀಡಿಯ ವಾಸನೆ ಮಾತ್ರ ಸ್ವಲ್ಪ ಹೊತ್ತು ಇರುತ್ತದೆ.