ಯಾರ ಐದು ಗಂಟೆ?

ನಮ್ಮ ಬಯಲಿನಲ್ಲಿ ಯಾರನ್ನಾದರೂ ಗಂಟೆ ಎಷ್ಟೆಂದು ಕೇಳಿದರೆ ಅವರು ಮೊದಲು ನಿಮ್ಮ ಗಾಡಿಯ ನಂಬರ್ ಪ್ಲೇಟು ನೋಡುತ್ತಾರೆ. ಪಶ್ಚಿಮಕ್ಕೆ ಪರ್ತ್‌ನ ಗಂಟೆ, ಪೂರ್ವಕ್ಕೆ ರಾಜ್ಯದ ಗಡಿ ದಾಟಿದರೆ ಅಡಿಲೇಡ್‌ನ ಗಂಟೆ. ಚಳಿಗಾಲದಲ್ಲಿ ಎರಡಕ್ಕೂ ಒಂದೂವರೆ ಗಂಟೆಯ ಅಂತರ. ನಡುವೆ ಸಿಕ್ಕಿಕೊಂಡ ನಮ್ಮ ಹಿಂದಿನವರು ಯಾವತ್ತೋ ಅರ್ಧಕ್ಕೆ ರಾಜಿ ಮಾಡಿಕೊಂಡರು: ಪರ್ತ್‌ಗಿಂತ ಮುಕ್ಕಾಲು ಗಂಟೆ ಮುಂದೆ, ಅಡಿಲೇಡ್‌ಗಿಂತ ಮುಕ್ಕಾಲು ಗಂಟೆ ಹಿಂದೆ. ಯಾವ ಸರಕಾರವೂ ಇದನ್ನು ಒಪ್ಪಿಲ್ಲ. ನಾವೂ ಒಪ್ಪಿಗೆ ಕೇಳಲು ಹೋಗಿಲ್ಲ. ಸಾಲ್ಟ್‌ವೆಲ್ ಎಂಬ, ದಾರಿಹೋಕರಿಗೆ ಪೆಟ್ರೋಲು, ಊಟ ಕೊಡುವ ಈ ರೋಡ್‌ಹೌಸಿನಲ್ಲಿ, ಮಾಂಸದ ಪೈ ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯ ಮೇಲೆ ಒಂದು ಗೋಡೆ ಗಡಿಯಾರವಿತ್ತು. ಅದು ಹೇಳಿದ್ದೇ ಗಂಟೆ.

ದಾರಿಹೋಕರಿಗೆ ಇದನ್ನೆಲ್ಲ ವಿವರಿಸುತ್ತ ಕೂತರೆ ಪೆಟ್ರೋಲ್ ಹಾಕುವವರು ಯಾರು? ಆದ್ದರಿಂದ ನಮ್ಮಲ್ಲಿ ಒಂದು ರೂಢಿಯಿದೆ. ಹೊರಗಿನವರೊಡನೆ ಮಾತಾಡುವಾಗ ಅವರ ಗಂಟೆಗೆ ತಿರುಗಿಸಿಯೇ ಹೇಳುತ್ತೇವೆ. ಪರ್ತ್ ಕಡೆಯವರಾದರೆ ಮುಕ್ಕಾಲು ಕಳೆಯುವುದು, ಅಡಿಲೇಡ್ ಕಡೆಯವರಾದರೆ ಮುಕ್ಕಾಲು ಕೂಡಿಸುವುದು. ನಾನು ಕೌಂಟರಿನಲ್ಲಿ ಕೂತು ಅರ್ಧ ಆಯುಷ್ಯ ಕಳೆದವಳು, ನಿದ್ದೆಯಲ್ಲೂ ಇದನ್ನು ಮಾಡಬಲ್ಲೆ.

ಕಳೆದ ಮೇ ತಿಂಗಳಲ್ಲಿ, ಇಲ್ಲಿಯ ಚಳಿಗಾಲ ಶುರುವಾಗುವ ಹೊತ್ತಿಗೆ, ಲಾಕ್ಲನ್ ಎಂಬ ಹೊಸ ಮ್ಯಾನೇಜರ್ ಬಂದ. ಪರ್ತ್‌ನ ಹುಡುಗ, ಒಳ್ಳೆಯ ಹಲ್ಲು, ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರ ತುಂಬ ವಾಚಿನ ಹಾಗೆ ಕೈಗೆ ಕಟ್ಟುವ ಆರೋಗ್ಯದ ಬ್ಯಾಂಡುಗಳು. ಹೆಡ್ ಆಫೀಸಿನವರು ನಮ್ಮ ನಾಡಿ, ನಿದ್ದೆ, ನಡಿಗೆ ಎಲ್ಲವನ್ನೂ ಪ್ರೀತಿಯಿಂದ ನೋಡಿಕೊಳ್ಳುತ್ತಾರಂತೆ. ಕೆಲಸಕ್ಕೆ ಬಂದ ಹೊತ್ತು, ಹೋದ ಹೊತ್ತನ್ನೂ ಅದೇ ಬರೆದುಕೊಳ್ಳುತ್ತದಂತೆ. ಪ್ರೀತಿಯ ಮಾತು ಮೊದಲು ಹೇಳಿ, ಹಾಜರಿಯ ಮಾತು ಕೊನೆಗೆ ಹೇಳಿದ.

"ಇದರಲ್ಲಿ ಟೈಮ್ ತಪ್ಪಿದೆಯಲ್ಲಪ್ಪ," ಎಂದೆ ಕೈಗೆ ಕಟ್ಟಿಕೊಂಡು.

"ತಪ್ಪೋಕೆ ಸಾಧ್ಯಾನೇ ಇಲ್ಲ ನೋಲೀನ್. ಮೊಬೈಲ್ ಟವರಿನಿಂದ ನೇರವಾಗಿ ಬರೋದು."

"ಯಾವ ಟವರು?"

ಅವನು ನಕ್ಕ. ನಗುವ ಮಾತಾಗಿರಲಿಲ್ಲ. ಮುಂಬಾಗಿಲ ಪಂಪಿನ ಹತ್ತಿರ ನಿಂತರೆ ಪಶ್ಚಿಮದ ಟವರು ಸಿಗುತ್ತದೆ, ಹಿಂಬದಿಯ ಅಡುಗೆಮನೆಗೆ ಹೋದರೆ ಪೂರ್ವದ್ದು. ನಮ್ಮ ಅಡುಗೆಯವಳು ಬೆವ್ ಅಲ್ಲಿ ಮೊಟ್ಟೆ ಕರಿದು ಹೊರಗೆ ತಂದಿಟ್ಟರೆ, ಬ್ಯಾಂಡಿನ ಪ್ರಕಾರ ಕರಿಯುವುದಕ್ಕಿಂತ ಒಂದೂವರೆ ಗಂಟೆ ಮೊದಲೇ ತಂದಿಟ್ಟ ಹಾಗಾಯಿತು. ಖಾಲಿ ತಟ್ಟೆ ಹಿಡಿದು ಒಳಗೆ ಹೋದರೆ ಒಂದೂವರೆ ಗಂಟೆ ಎಲ್ಲಿಗೋ ಹೋಗಿ ಬಂದ ಹಾಗೆ. ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಎಂದು ಹೆಡ್ ಆಫೀಸು ಅವಳನ್ನು ಮೂರು ಸಲ ಕೇಳಿತು.

"ಪ್ರಿಯಕರನ ಮನೆಗೆ ಹೋಗಿದ್ದೆ ಅಂತ ಬರೀರಿ," ಎಂದಳು ಬೆವ್. "ಅಷ್ಟಾದ್ರೂ ಹೆಸರು ಬರಲಿ ನಂಗೆ."

ಕೈಯಾರೆ ಸರಿಮಾಡೋಣವೆಂದರೆ ಬೀಗ. ಪಾಸ್‌ವರ್ಡು ಹೆಡ್ ಆಫೀಸಿನಲ್ಲಿ. ಇಡೀ ದಿನ ಬ್ಯಾಂಡು ಒಂದೋ ಮುಕ್ಕಾಲು ಗಂಟೆ ಹಿಂದೆ, ಇಲ್ಲವೇ ಮುಕ್ಕಾಲು ಗಂಟೆ ಮುಂದೆ. ನಿಂತ ಗಡಿಯಾರವಾದರೂ ದಿನಕ್ಕೆ ಎರಡು ಸಲ ಸರಿ ಇರುತ್ತದೆ, ಇದಕ್ಕೆ ಆ ಭಾಗ್ಯವೂ ಇಲ್ಲ. ಆದರೂ ಗೊಂದಲಕ್ಕೆ ಕಾರಣ ಬ್ಯಾಂಡಲ್ಲ, ಗೋಡೆ ಗಡಿಯಾರ ಎಂದು ಲಾಕ್ಲನ್ ತೀರ್ಮಾನಿಸಿದ. ತಾನೇ ಏಣಿ ಹತ್ತಿ ಅದನ್ನು ಇಳಿಸಿದ. ಗೋಡೆಯಲ್ಲಿ ಮೊಳೆ ಉಳಿಯಿತು. ಗಡಿಯಾರವನ್ನು ಕಸಕ್ಕೆ ಹಾಕು ಎಂದ. ನಾನು ಉಗ್ರಾಣದಲ್ಲಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ನನಗೆ ಅವನ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ.

ಇಷ್ಟರಲ್ಲೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಆಲ್ಬಿಯ ಲೈಸೆನ್ಸು ಮುಗಿಯುತ್ತ ಬಂದಿತ್ತು.

ಆಲ್ಬಿ ನಮ್ಮ ಟೋ ಲಾರಿಯ ಮುದುಕ. ಈ ರಸ್ತೆಯಲ್ಲಿ ಗಾಡಿ ಕೆಟ್ಟರೆ ಎಳೆದು ತರುವವನು ಅವನೊಬ್ಬನೇ. ಎಪ್ಪತ್ತಾರು ದಾಟಿದ ಮೇಲೆ ವರ್ಷ ವರ್ಷ ಡಾಕ್ಟರು ನೋಡಿ, ಕಣ್ಣು, ಕಿವಿ, ನೆನಪು ಎಲ್ಲ ಸರಿಯಿದೆ ಎಂದು ಬರೆದುಕೊಡಬೇಕು. ಬರೆಯದಿದ್ದರೆ ಲಾರಿ ಇಲ್ಲ. ಲಾರಿ ಇಲ್ಲದಿದ್ದರೆ ಶೆಡ್ಡಿನ ಹಿಂದಿನ ಅವನ ಕೋಣೆಯೂ ಇಲ್ಲ. ಕಾಲ್ಗೂರ್ಲಿ ಪಟ್ಟಣದಲ್ಲಿ ಅಕ್ಕನ ಮನೆ ಕಾಯುತ್ತಿತ್ತು.

"ಅವಳ ಮನೆ ಎದುರಿಗೇ ಸಿಗ್ನಲ್ ದೀಪ ಇದೆ ಕಣೆ ನೋಲೀನ್," ಎಂದಿದ್ದ ಆಲ್ಬಿ. "ಕಿಟಕೀಲಿ ಕೂತು ಕೆಂಪು, ಹಸಿರು, ಕೆಂಪು, ಹಸಿರು ನೋಡ್ತಾ ಸಾಯೋದು ನನ್ನಿಂದಾಗಲ್ಲ."

ವರ್ಷವೂ ಬರುತ್ತಿದ್ದ ಹಳೆಯ ಡಾಕ್ಟರು ನಿವೃತ್ತರಾಗಿದ್ದರು. ಈ ಸಲ ಇಮಜೆನ್ ಎಂಬ ಹೊಸಬಳು ವಿಮಾನದಲ್ಲಿ ಬರುತ್ತಾಳೆಂದು ತಿಳಿಯಿತು. ಹಿಂದಿನ ದಿನ ನಾನು, ಬೆವ್ ಇಬ್ಬರೂ ಆಲ್ಬಿಯನ್ನು ಕೂರಿಸಿಕೊಂಡು ಪಾಠ ಮಾಡಿದೆವು.

"ನೋಡು ತಾತ, ಅವಳು ಪರ್ತ್‌ನೋಳು. ಗಂಟೆ ಗಿಂಟೆ ಕೇಳಿದ್ರೆ ಅವಳ ಲೆಕ್ಕದಲ್ಲೇ ಹೇಳು," ಎಂದಳು ಬೆವ್. "ನಮ್ಮ ಟೈಮೇ ಸರಿ ಅಂತ ಜಗಳಕ್ಕೆ ನಿಂತ್ಕೋಬೇಡ."

"ನಾನ್ಯಾವತ್ತೇ ಜಗಳಕ್ಕೆ ನಿಂತಿದ್ದೆ?"

"ಹೋದ ವರ್ಷ ಒಬ್ಬ ಪಾದ್ರಿ ಹತ್ರ."

"ಅವನೇ ಶುರು ಮಾಡಿದ್ದು," ಎಂದ ಆಲ್ಬಿ. ಆಮೇಲೆ ಹೂಂಗುಟ್ಟಿದ. ಜೀವಮಾನದಲ್ಲಿ ಮೊದಲ ಸಲ ಬಗ್ಗಲು ಒಪ್ಪಿದ್ದ, ಪಾಪ.

ಮರುದಿನ ವಿಮಾನ ಹೆದ್ದಾರಿಯ ಮೇಲೆಯೇ ಇಳಿಯಿತು. ನಮಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಈ ಬಯಲಿಗೆ ಇಪ್ಪತ್ತು ವರ್ಷದಿಂದ ಬರುವ ಪೈಲಟ್ಟು, ಇಳಿಯುವ ಮೊದಲು ಅವಳಿಗೆ, "ಇಲ್ಲಿಯ ಜನರ ಗಂಟೆಯೇ ಬೇರೆ, ಮುಕ್ಕಾಲು ಮುಂದೆ ಇಟ್ಟುಕೊಳ್ಳಿ" ಎಂದಿದ್ದ. ಒಳ್ಳೆಯ ಹುಡುಗಿ, ಊರಿನವರಿಗೆ ಮರ್ಯಾದೆ ಕೊಡಬೇಕೆಂದು ತನ್ನ ವಾಚನ್ನು ಕೈಯಾರೆ ತಿದ್ದಿಕೊಂಡೇ ಇಳಿದಿದ್ದಳು.

ಊಟದ ಕೋಣೆಯ ಮೂಲೆಗೆ ಪರದೆ ಎಳೆದು ಆಸ್ಪತ್ರೆ ಮಾಡಿದೆವು. ಪರದೆಯ ಈಚೆ ನಾವೆಲ್ಲ ಲೋಟ ಒರೆಸುತ್ತ ನಿಂತೆವು. ಒಂದೇ ಲೋಟವನ್ನು ನಾನು ತುಂಬ ಹೊತ್ತು ಒರೆಸಿದೆ. ಕಣ್ಣು ಸರಿ, ಕಿವಿ ಪರವಾಗಿಲ್ಲ, ರಕ್ತದೊತ್ತಡ ಹುಡುಗರ ಹಾಗೆ. ಆಮೇಲೆ ಡಾಕ್ಟರಮ್ಮ ಒಂದು ಹಾಳೆ ಕೊಟ್ಟು, "ಆಲ್ಬಿ, ಇಲ್ಲೊಂದು ಗಡಿಯಾರ ಬರೀರಿ. ಹನ್ನೊಂದೂ ಹತ್ತು ತೋರಿಸ್ಬೇಕು," ಎಂದಳು. ನೆನಪಿನ ಪರೀಕ್ಷೆಯಲ್ಲಿ ಎಲ್ಲರಿಗೂ ಇದನ್ನೇ ಕೇಳುವುದಂತೆ.

ಪೆನ್ಸಿಲ್ ಗೀಚುವ ಸದ್ದು. ಆಲ್ಬಿ ಬಾಯಲ್ಲೇ ಲೆಕ್ಕ ಹಾಕುವ ಪಿಸುದನಿ. ಮತ್ತೆ ಗೀಚುವ ಸದ್ದು.

"ಇದು ಹನ್ನೆರಡಕ್ಕೆ ಐದು ನಿಮಿಷ ಇದೆಯಲ್ಲ?"

"ಅದೇ ಮತ್ತೆ," ಎಂದ ಆಲ್ಬಿ, ಉಪಕಾರ ಮಾಡಿದ ದನಿಯಲ್ಲಿ. ಪರ್ತ್‌ನವಳ ಹನ್ನೊಂದೂ ಹತ್ತೆಂದರೆ ನಮ್ಮ ಗಡಿಯಾರದಲ್ಲಿ ಅಷ್ಟೇ ತಾನೆ? ತಿರುಗಿಸಿ ಬರೆದಿದ್ದ.

ಡಾಕ್ಟರಮ್ಮನ ದನಿ ಮೆತ್ತಗಾಯಿತು. ಡಾಕ್ಟರುಗಳ ದನಿ ಮೆತ್ತಗಾದರೆ ಒಳ್ಳೆಯದಲ್ಲ, ನಾನು ಲೋಟ ಕೆಳಗಿಟ್ಟೆ.

"ಪರವಾಗಿಲ್ಲ. ಈಗ ಸುಮಾರು ಎಷ್ಟು ಗಂಟೆ ಇರ್ಬಹುದು, ಹೇಳಿ?"

ಆಗ ಹತ್ತೂವರೆ. ಕಿಟಕಿಯ ಬಿಸಿಲು ನೋಡಿದರೆ ನಮ್ಮ ನಾಯಿಗೂ ಗೊತ್ತಾಗುತ್ತಿತ್ತು. ಆಲ್ಬಿ ನಮ್ಮ ಪಾಠ ನೆನೆಸಿಕೊಂಡ, ಮುಕ್ಕಾಲು ಕಳೆದ, ಗಂಟಲು ಸರಿಮಾಡಿಕೊಂಡ.

"ಒಂಬತ್ತೂ ಮುಕ್ಕಾಲು ಕಣಮ್ಮ. ಕರಾರುವಾಕ್ಕು."

"ನನ್ನ ವಾಚಿನಲ್ಲಿ ಹತ್ತೂವರೆ," ಎಂದಳು ಡಾಕ್ಟರಮ್ಮ. ಅವಳು ಏನೋ ಬರೆದುಕೊಂಡಳು. ನಾನು ಪರದೆ ಎಳೆದು ಒಳಗೆ ನುಗ್ಗಿದೆ.

"ಅವನಿಗೆ ಸರಿಯಾದ ಟೈಮ್ ಗೊತ್ತು! ನಿಮಗೋಸ್ಕರ ತಪ್ಪು ಹೇಳ್ತಿದಾನೆ!"

"ನನಗೋಸ್ಕರಾನಾ?"

"ನೀವು ಪರ್ತ್‌ನೋರು ಅಂತ ನಾವೇ ಹೇಳಿಕೊಟ್ಟಿದ್ದು!" ಎಂದಳು ಬೆವ್, ನನ್ನ ಹಿಂದಿನಿಂದ. ಉತ್ತರ ಹೇಳಿಕೊಟ್ಟೆವೆಂದು ಬಾಯಿಬಿಟ್ಟ ಹಾಗಾಯಿತು.

ಡಾಕ್ಟರಮ್ಮ ಅಡುಗೆಮನೆಯ ಬಾಗಿಲಲ್ಲಿದ್ದ ಲಾಕ್ಲನ್ ಕಡೆ ತಿರುಗಿದಳು. ಇದ್ದವರಲ್ಲಿ ಇಸ್ತ್ರಿ ಅಂಗಿ ಅವನೊಬ್ಬನದೇ. "ನಿಮ್ಮ ಪ್ರಕಾರ ಈಗೆಷ್ಟು ಗಂಟೆ?"

ಅವನು ಬ್ಯಾಂಡು ನೋಡಿದ. "ಹನ್ನೊಂದೂ ಕಾಲು," ಎಂದ ಧೈರ್ಯವಾಗಿ.

ಅವಳ ಮುಖ ನೋಡಿದರೆ ಊರಿಗೆ ಊರನ್ನೇ ವಿಮಾನ ಹತ್ತಿಸುವ ಯೋಚನೆ ಇದ್ದಂತಿತ್ತು. ನಾವು ವಿವರಿಸಿದಷ್ಟೂ ಅದು ಗಟ್ಟಿಯಾಯಿತು. ಕೊನೆಗೆ ಪೈಲಟ್ಟು ಬಂದು ಅರ್ಧ ಬಿಡಿಸಿ ಹೇಳಿದ. ಅವಳು ಅರ್ಧ ನಂಬಿದಳು. ಅರ್ಧ ನಂಬಿಕೆಗೆ ಅರ್ಧ ಲೈಸೆನ್ಸು: ಬೇಸಿಗೆಯಲ್ಲಿ ನಗರಕ್ಕೆ ಹೋಗಿ ಪೂರ್ತಿ ಪರೀಕ್ಷೆ ಕೊಡಬೇಕು. ಅಲ್ಲಿಯತನಕ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಮಾತ್ರ ಲಾರಿ ಓಡಿಸಬಹುದು. ಒಂದು ನಿಮಿಷ ಆಚೀಚೆಯಾದರೂ ಮ್ಯಾನೇಜರು ತಿಳಿಸಬೇಕು, ಲೈಸೆನ್ಸು ರದ್ದು. ಯಾವ ಊರಿನ ಎಂಟು, ಯಾವ ಊರಿನ ಐದು ಎಂದು ಅವಳು ಬರೆಯಲಿಲ್ಲ. ಬರೆಯಬೇಕೆಂದು ಯಾವ ಡಾಕ್ಟರಿಗೆ ತಾನೆ ಹೊಳೆದೀತು?

ಆಲ್ಬಿ ಆ ದಿನ ಊಟ ಮಾಡಲಿಲ್ಲ. "ನನ್ನ ಪಾಡಿಗೆ ನಾನು ಹಟ ಮಾಡಿದ್ರೆ ಪಾಸಾಗಿರ್ತಿದ್ದೆ," ಎಂದ. ಅವನ ಮುಂದೆ ಪೈ ಇಟ್ಟು ಬಂದೆ, ಅದು ತಣ್ಣಗಾಯಿತು.

ಎರಡು ವಾರ ಕಳೆಯಿತು. ಒಂದು ಸಂಜೆ ವಯಸ್ಸಾದ ಗಂಡ ಹೆಂಡತಿ, ಕಾರಿಗೆ ಕಟ್ಟಿ ಎಳೆಯುವ ಮನೆಯಂಥ ತಮ್ಮ ಕಾರವಾನಿನ ಅಚ್ಚು ಮುರಿದು ದಾರಿಯಲ್ಲಿ ನಿಂತರು. ಆಲ್ಬಿ ಪಂಪಿನ ಹತ್ತಿರ ಲಾರಿ ಹತ್ತಿ ಕೂತಿದ್ದ, ಅವನ ಬ್ಯಾಂಡಿನಲ್ಲಿ ನಾಲ್ಕೂ ಆಗಿರಲಿಲ್ಲ. ಲಾಕ್ಲನ್ ಅಡುಗೆಮನೆಯಿಂದ ಓಡಿಬಂದ.

"ಐದು ದಾಟಿತು! ಇಳಿ ಕೆಳಗೆ!"

"ಇಲ್ಲಿ ಇನ್ನೂ ಮೂರೂವರೆ ಕಣೋ ಮರಿ."

"ನಂಗೆ ರಿಸ್ಕ್ ಬೇಡ. ಹೆಡ್ ಆಫೀಸ್ ನನ್ನ ಕುತ್ತಿಗೆಗೆ ಬರುತ್ತೆ."

ಆ ದಂಪತಿ ಚಳಿಯಲ್ಲಿ ಬ್ರೆಡ್ಡು ತಿಂದು ಕಾರವಾನಿನಲ್ಲೇ ಮಲಗಿದರು. ಬೆಳಿಗ್ಗೆ ಲಾಕ್ಲನ್ ಕೌಂಟರಿನ ಮೇಲೆ ಬೋರ್ಡು ಹಾಕಿದ: ಟೋ ಲಾರಿಯ ವಿಷಯದಲ್ಲಿ ಬ್ಯಾಂಡುಗಳು ಬೇರೆ ಬೇರೆ ಗಂಟೆ ತೋರಿಸಿದರೆ ಯಾವುದು ಮುಂದಿದೆಯೋ ಅದೇ ಲೆಕ್ಕ. ಕೆಳಗೆ ಸಹಿ. ಹೆಡ್ ಆಫೀಸಿನವರು ಅವನ ಎಚ್ಚರಿಕೆಯನ್ನು ಮೆಚ್ಚಿಕೊಂಡು ಒಂದು ಟೋಪಿ ಕಳಿಸಿದರು.

ಆ ಟೋಪಿ ಹಾಕಿಕೊಂಡೇ ಅವನು ಮುಂದಿನ ಗುರುವಾರ ಗಡಿಯಾಚೆ ಹೋಗಿದ್ದ. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ, ಹೆಡ್ ಆಫೀಸಿನ ಜೊತೆ ಮೀಟಿಂಗು. ಸೂರ್ಯ ಕೆಳಗಿಳಿದಾಗ ಕೌಂಟರಿನ ಫೋನು ಹೊಡೆದುಕೊಂಡಿತು. ಲಾರಿ ಡ್ರೈವರುಗಳು ಊಟಕ್ಕೆ ಕೂತಿದ್ದರು, ಆಲ್ಬಿ ಚಿಪ್ಸಿಗೆ ವಿನಿಗರ್ ಸುರಿದುಕೊಳ್ಳುತ್ತಿದ್ದ. ನನ್ನ ಕೈ ಹಿಟ್ಟಾಗಿತ್ತು, ಸ್ಪೀಕರ್ ಒತ್ತಿದೆ. ಲಾಕ್ಲನ್ ದನಿ.

"ನೋಲೀನ್, ಕಾಂಗರೂ ಅಡ್ಡ ಬಂತು. ರೇಡಿಯೇಟರ್ ಹೋಯ್ತು. ಇಪ್ಪತ್ತು ನಿಮಿಷದ ದಾರಿ ಅಷ್ಟೆ. ಆಲ್ಬಿನ ಕಳ್ಸು."

"ಇಲ್ಲೇ ಇದೀನಿ ಯಜಮಾನ," ಎಂದ ಆಲ್ಬಿ ಕೂತಲ್ಲಿಂದಲೇ. "ಪೆಟ್ಟಾಯ್ತಾ?"

"ಇಲ್ಲ. ಚಳಿ ಅಷ್ಟೆ. ಜಾಕೆಟ್ ತಂದಿಲ್ಲ."

"ನಿನ್ನ ಬ್ಯಾಂಡಿನಲ್ಲಿ ಎಷ್ಟು ಗಂಟೆ?"

ಫೋನಿನಲ್ಲಿ ಗಾಳಿ ಬೀಸುತ್ತಿತ್ತು. ಅದರ ನಡುವೆ ಸಣ್ಣ ದನಿ: "ಐದೂವರೆ."

"ಅಯ್ಯೋ. ನನ್ನ ಲೈಸೆನ್ಸು ಮಲಗಿಬಿಡ್ತಲ್ಲಪ್ಪ."

"ಪಂಪಿನ ಹತ್ರ ಹೋಗಿ ನೋಡು, ಅಲ್ಲಿ ನಾಲ್ಕೇ ಇರುತ್ತೆ!"

"ಇರುತ್ತೆ. ಮುಂದಿರೋದೇ ಲೆಕ್ಕ ಅಂತ ಬೋರ್ಡು ಇದೆ. ಕೆಳಗೆ ಯಾರದೋ ಸಹಿ." ಆಲ್ಬಿ ಒಂದು ಚಿಪ್ಸು ಬಾಯಿಗೆ ಹಾಕಿಕೊಂಡ. ತಮಾಷೆಗೆ ಆಡುತ್ತಿರಲಿಲ್ಲ ಅವನು. ಇದು ತಪ್ಪಿದರೆ ಅಕ್ಕನ ಮನೆಯ ಕಿಟಕಿ. "ನಿನ್ನನ್ನ ಎಳ್ಕೊಂಡು ಬಂದ ಮೇಲೆ ನೀನೇ ನನ್ನ ಮೇಲೆ ದೂರು ಬರೀಬೇಕಾಗುತ್ತೆ. ಸುಮ್ನೆ ಯಾಕೆ?"

"ಬ್ಯಾಂಡು ಬಿಡಪ್ಪ! ಅದು ತಪ್ಪು!"

ಊಟದ ಕೋಣೆಯಲ್ಲಿ ಚಮಚಗಳು ನಿಂತವು.

"ಏನಂದೆ? ಗಾಳಿ ಜಾಸ್ತಿ, ಕೇಳಿಸ್ಲಿಲ್ಲ," ಎಂದೆ ನಾನು. ಚೆನ್ನಾಗಿಯೇ ಕೇಳಿಸಿತ್ತು.

"ಬ್ಯಾಂಡು ತಪ್ಪು ಅಂದೆ! ಗೋಡೆ ಗಡಿಯಾರ ನೋಡಿ!"

"ಗೋಡೇಲಿ ಮೊಳೆ ಒಂದೇ ಇರೋದು," ಎಂದ ಆಲ್ಬಿ.

"ನೋಲೀನ್, ನೀನು ಅದನ್ನ ಎಸೆದಿರಲ್ಲ. ನಂಗೊತ್ತು. ದಯವಿಟ್ಟು."

ನಾನು ಉಗ್ರಾಣಕ್ಕೆ ಹೋಗಿ ಗಡಿಯಾರ ತಂದೆ. ಹಿಟ್ಟು ಮೆತ್ತಿತ್ತು, ಊದಿದೆ. ನಡೆಯುತ್ತಲೇ ಇತ್ತು, ಐದಕ್ಕೆ ಇನ್ನೂ ಕಾಲು ಗಂಟೆ ಬಾಕಿ. ಒಬ್ಬ ಡ್ರೈವರು ಕುರ್ಚಿ ಹತ್ತಿ ಮೊಳೆಗೆ ತಗುಲಿಸಿದ.

"ನಾಲ್ಕೂ ಮುಕ್ಕಾಲು," ಎಂದೆ ಫೋನಿಗೆ.

"ನೋಡಿದ್ರಾ! ಟೈಮಿದೆ!"

"ಹೋಗೋಕೆ ಇದೆ," ಎಂದ ಆಲ್ಬಿ. "ನಿನ್ನನ್ನ ಕಟ್ಟಿ, ಎಳೆದು, ವಾಪಸ್ ಬರೋಷ್ಟರಲ್ಲಿ ಐದೂ ಆಗಿರುತ್ತೆ, ಐದೂವರೇನೂ ಆಗಿರುತ್ತೆ."

ಲಾಕ್ಲನ್ ಯೋಚಿಸಿದ. ಚಳಿಯಲ್ಲಿ ಹಲ್ಲು ಕಟಕಟಿಸುವುದು ಕೇಳಿಸುತ್ತಿತ್ತು. ಕೊನೆಗೆ, ಪರ್ತ್‌ನಲ್ಲಿ ಓದಿ ಬಂದ ಆ ಹುಡುಗ, ಇಡೀ ಊಟದ ಕೋಣೆಗೆ ಕೇಳುವಂತೆ ಹೇಳಿದ:

"ಹೋಗೋವಾಗ ಗೋಡೆ ಗಡಿಯಾರ. ಬರೋವಾಗ ಪಂಪಿನ ಟೈಮು. ಅಲ್ಲಿ ಐದಾಗಿರಲ್ಲ."

"ಇವತ್ತೊಂದು ದಿನಕ್ಕಾ, ದಿನಾನಾ?" ಎಂದು ಕೇಳಿದವಳು ನಾನು.

ಅತ್ತ ಲಾಕ್ಲನ್ ಚಳಿಗೆ ಕಾಲು ಕುಟ್ಟುವ ಸದ್ದು. "ದಿನಾ," ಎಂದ.

"ಬೆಳಿಗ್ಗೆ ಎಂಟಕ್ಕೆ?"

"ಅಡುಗೆಮನೆ ಟೈಮು ಇಟ್ಕೊಳ್ಳಿ! ಯಾವುದಾದ್ರೂ ಇಟ್ಕೊಳ್ಳಿ! ಬೇಗ ಬನ್ನಿ!"

ಬೆವ್ ಆಗಲೇ ಹಳೆಯ ಬೋರ್ಡು ಕಿತ್ತು ಅದರ ಬೆನ್ನಿಗೆ ಬರೆಯುತ್ತಿದ್ದಳು: ಆಲ್ಬಿಯ ಎಂಟು ಗಂಟೆ ಅಡುಗೆಮನೆಯಲ್ಲಿ, ಆಲ್ಬಿಯ ಐದು ಗಂಟೆ ಪಂಪಿನ ಹತ್ತಿರ. ಡಾಕ್ಟರಮ್ಮ ಅವನ ದಿನವನ್ನು ಕತ್ತರಿಸಲು ಹೋಗಿ, ಒಂದೂವರೆ ಗಂಟೆ ಸೇರಿಸಿಕೊಟ್ಟಂತಾಯಿತು.

ಆಲ್ಬಿ ಎದ್ದು, ಮಿಕ್ಕ ಚಿಪ್ಸನ್ನು ಕಾಗದದಲ್ಲಿ ಸುತ್ತಿಕೊಂಡ. ಗೂಟದಿಂದ ತನ್ನ ಜಾಕೆಟ್ಟಿನ ಜೊತೆ ಲಾಕ್ಲನ್‌ದನ್ನೂ ತೆಗೆದುಕೊಂಡ. ಲಾರಿಯ ಸದ್ದು ಪೂರ್ವಕ್ಕೆ ಹೋಗಿ ಕರಗಿತು.

ಅವರು ವಾಪಸ್ ಬಂದಾಗ ಕತ್ತಲಾಗಿತ್ತು, ಪಂಪಿನ ಹತ್ತಿರ ಇನ್ನೂ ಐದಾಗಿರಲಿಲ್ಲ. ಲಾಕ್ಲನ್ ಕೌಂಟರಿಗೆ ಬಂದು ಹೊಸ ಬೋರ್ಡನ್ನು ಓದಿದ. ಪೆನ್ನು ಕೇಳಿದ, ಸಹಿ ಹಾಕಿದ. ಆಮೇಲೆ ತಲೆಯೆತ್ತಿ ಗೋಡೆ ಗಡಿಯಾರವನ್ನೂ ತನ್ನ ಬ್ಯಾಂಡನ್ನೂ ನೋಡಿದ, ಬ್ಯಾಂಡನ್ನು ತಿದ್ದಲು ನಾಲ್ಕಾರು ಸಲ ಒತ್ತಿದ. ಅದು ಪಾಸ್‌ವರ್ಡು ಕೇಳಿತು.

"ಹೆಡ್ ಆಫೀಸಿಗೆ ಫೋನ್ ಮಾಡ್ಲಾ?" ಎಂದು ನನ್ನನ್ನು ಕೇಳಿದ.

"ಅವರ ಆಫೀಸು ಐದಕ್ಕೆ ಮುಚ್ಚುತ್ತಲ್ಲ," ಎಂದ ಆಲ್ಬಿ, ತನ್ನ ಕುರ್ಚಿಯಲ್ಲಿ ಕೂರುತ್ತ. "ಯಾರ ಐದಕ್ಕೆ ಅಂತ ಕೇಳಿ ನೋಡು."