ನಾಲ್ಕ್ ಗಂಟಿಗೆ ಬತ್ತೆ

ವನಜ ಸಿಸ್ಟರ್‌ಗೆ ಸ್ವಾತಿಯ ಮೇಲೆ ಮೊದಲ ದಿನವೇ ಸಿಟ್ಟು ಬಂದದ್ದಕ್ಕೆ ಕಾರಣ ಒಂದು ಏಣಿಯ ಚಿತ್ರ. ಬೈಂದೂರು ಕಡೆಯ ಈ ಹುಡುಗಿ ನರ್ಸಿಂಗ್ ಎಂ.ಎಸ್ಸಿ. ಓದುತ್ತಿದ್ದವಳು, ಸಂಶೋಧನೆಗೆಂದು ಕುಂದಾಪುರದ ಆ ಆಸ್ಪತ್ರೆಗೆ ಬಂದಿದ್ದಳು. ಅವಳ ಪುಸ್ತಕದಲ್ಲಿ ಪುರಾವೆಗೂ ಒಂದು ಏಣಿ. ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ಕಂಡುಕೊಂಡದ್ದು ಮೇಲಿನ ಮೆಟ್ಟಿಲಂತೆ; 'ಅನುಭವಸ್ಥರು ಹೀಗೆ ಹೇಳುತ್ತಾರೆ' ಎಂಬುದು ಎಲ್ಲಕ್ಕಿಂತ ಕೆಳಗಿನದಂತೆ. ಹತ್ತೊಂಬತ್ತು ವರ್ಷ ಸರ್ವಿಸಾದ ವನಜ ತಾನಿರುವುದು ಕೆಳಗಿನ ಮೆಟ್ಟಿಲಲ್ಲಿ ಎಂದು ಗೊತ್ತಾದ ಮೇಲೆ ಆ ದಿನ ಊಟದ ಹೊತ್ತಿನಲ್ಲಿ ಹುಡುಗಿಯ ಕಡೆ ತಿರುಗಿಯೂ ನೋಡಲಿಲ್ಲ.

ಸ್ವಾತಿ ಆರಿಸಿಕೊಂಡ ವಿಷಯವಂತೂ ಇನ್ನೂ ಕಿರಿಕಿರಿಯದು. ವಾರ್ಡಿನ ಬಾಗಿಲ ಮೇಲೆ ನೀಲಿ ಅಕ್ಷರದಲ್ಲಿ 'ಭೇಟಿಯ ಸಮಯ ಸಂಜೆ 4ರಿಂದ 5' ಎಂದು ಬರೆದಿತ್ತು. ಅವಳ ಕಣ್ಣು ಬಿದ್ದದ್ದು ಅದರ ಮೇಲೆ.

"ಈ ನಿಯಮ ಎಂತಕ್ಕೆ ಬಂತ್ ಅಕ್ಕ? ಯಾರ್ ಮಾಡಿದ್ದ್?"

ಹಾಗೆ ಯಾರೂ ಕೇಳಿರಲಿಲ್ಲ. ದೊಡ್ಡ ಡಾಕ್ಟರು ಸೋಂಕು ಹರಡಬಾರದೆಂದು ಇರಬೇಕು ಅಂದರು. ಆಫೀಸಿನವರು ಸರಕಾರದ ಆದೇಶ ಇರಬೇಕು ಅಂದರು. ಆಯಾ ಮುತ್ತು ಮಾತ್ರ, ಜನ ಬಂದರೆ ರೋಗಿಗೆ ಬಿ.ಪಿ. ಏರುತ್ತದೆ ಎಂದು ತಾನೇ ಅಳೆದವಳ ಹಾಗೆ ಹೇಳಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಎಲ್ಲರದೂ. ಸ್ವಾತಿ ನಕ್ಕು ಶ್ರಾದ್ಧದ ಬೆಕ್ಕಿನ ಕಥೆ ನೆನಪಿಸಿದಳು: ಶ್ರಾದ್ಧದ ದಿನ ಹಾಲಿಗೆ ಬಾಯಿ ಹಾಕುತ್ತದೆಂದು ಅಪ್ಪ ಮನೆಯ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಟ್ಟ; ಬೆಕ್ಕು ಸತ್ತ ಮೇಲೂ ಮಗ ಶ್ರಾದ್ಧ ಬಂದಾಗಲೆಲ್ಲ ಊರೆಲ್ಲ ಹುಡುಕಿ ಬೆಕ್ಕು ತಂದು ಮುಚ್ಚಿದ. ಎಲ್ಲರೂ ನಕ್ಕರು. ವನಜ ನಗಲಿಲ್ಲ.

ಅವಳಿಗೆ ಆ ನಿಯಮಕ್ಕೆ ಕಾರಣ ಬೇಕಿತ್ತು. ಒಂಬತ್ತು ವರ್ಷದಿಂದ ಬೇಕಿತ್ತು.

ಅವಳ ಅಮ್ಮ ಸೀತು ಹಂಗಾರಕಟ್ಟೆಯವಳು. ಮೀನಿನ ಬುಟ್ಟಿ ಹೊತ್ತು ಬಾರ್ಕೂರಿನ ಮನೆ ಮನೆ ತಿರುಗಿ ಮಗಳನ್ನು ನರ್ಸಿಂಗ್ ಓದಿಸಿದವಳು. ಬುಟ್ಟಿ ಖಾಲಿಯಾದರೂ ತಳದಲ್ಲಿ ಎರಡು ಒಳ್ಳೆಯ ಬಂಗುಡೆ ಎಲೆಯಲ್ಲಿ ಸುತ್ತಿ ಉಳಿದಿರುತ್ತಿದ್ದವು. ಅವು ವನಜಳವು, ಯಾರು ಎಷ್ಟು ಕೇಳಿದರೂ ಮಾರುವುದಕ್ಕಲ್ಲ. ಒಂಬತ್ತು ವರ್ಷದ ಹಿಂದೆ ಒಂದು ಆಗಸ್ಟಿನ ಬೆಳಿಗ್ಗೆ ಎದೆನೋವೆಂದು ಸೀತುವನ್ನು ಇದೇ ವಾರ್ಡಿಗೆ ಕರೆತಂದು ಆರನೇ ನಂಬರಿನ ಮಂಚದಲ್ಲಿ ಮಲಗಿಸಿದರು. ಮಧ್ಯಾಹ್ನಕ್ಕೆಲ್ಲ, ಇನ್ನು ಹೆದರಿಕೆ ಇಲ್ಲ ಎಂದರು ಡಾಕ್ಟರು. ವನಜ ಆ ದಿನಕ್ಕೆ ರಜೆ ಹಾಕಿ, ಉಳಿದವರ ಹಾಗೆ ಹೊರಗಿನ ಬೆಂಚಿನಲ್ಲಿ ಕೂತಳು.

ಅದೇ ಬೆಂಚಿನಲ್ಲಿ ಗುಲ್ವಾಡಿಯ ಪ್ರೇಮಾನಂದ ಕೂತಿದ್ದ. ಅವನ ಅಪ್ಪ ಒಳಗಿದ್ದರು. ಹಿಂದಿನ ದಿನ ಅವನು ಐದು ನಿಮಿಷ ಬಿಡಿ ಎಂದು ಕೈಮುಗಿದಾಗ ವನಜ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು: "ನಿಯಮ ಅಂದ್ರೆ ನಿಯಮ. ನನ್ ಅಮ್ಮ ಮಲ್ಗಿರೂ ನಾನ್ ನಾಲ್ಕ್ ಗಂಟಿಗೇ ಒಳ್ಗ್ ಹೋಪ್ದ್." ಬಾಯಿಗೆ ಬಂದ ಮಾತು. ಒಂದೇ ದಿನದಲ್ಲಿ ಅದು ತಿರುಗಿ ಬಂದು ಅವಳ ಕಾಲನ್ನೇ ಕಟ್ಟಿತ್ತು.

ಮೂರೂ ಇಪ್ಪತ್ತಕ್ಕೆ ಡ್ಯೂಟಿಯಲ್ಲಿದ್ದ ಶ್ರೀಲತಾ ಬಾಗಿಲು ತೆರೆದಳು.

"ಅಕ್ಕ, ಅಮ್ಮ 'ವನಜ ಬಂತಾ' ಅಂದೇಳಿ ಕೇಂತಿದ್ರ್. ಒಂಚೂರ್ ಬನ್ನಿ."

ವನಜ ಎದ್ದಳು. ಪ್ರೇಮಾನಂದ ಅವಳನ್ನೇ ನೋಡುತ್ತಿದ್ದ. ವನಜ ಮತ್ತೆ ಕೂತಳು.

"ನಾಲ್ಕ್ ಗಂಟಿಗೆ ಬತ್ತೆ ಅಂದೇಳಿ ಹೇಳ್."

ಮೂರೂ ನಲವತ್ತಕ್ಕೆ ಸೀತು ಹೋಗಿಬಿಟ್ಟಳು.

ಆಮೇಲೆ ಜನ ಹೊಗಳಿದರು. ತನಗೊಂದು, ಪರರಿಗೊಂದು ಮಾಡದ ಹೆಂಗಸು ಅಂದರು. ಹೊಗಳಿಕೆ ಕೇಳಿದಾಗಲೆಲ್ಲ ವನಜ ಏನಾದರೊಂದು ಕೆಲಸದ ನೆವ ಹೇಳಿ ಎದ್ದು ಹೋಗುತ್ತಿದ್ದಳು. ಅಮ್ಮ ಇನ್ನೂ ಹತ್ತು ವರ್ಷ ಬದುಕಬೇಕಿತ್ತು ಎಂದು ಅವಳು ಕೇಳಿದವಳಲ್ಲ. ಅವಳಿಗೆ ಬೇಕಾದದ್ದು ಆ ಇಪ್ಪತ್ತು ನಿಮಿಷ. ಒಳಗೆ ಹೋಗಿ, ಎಷ್ಟು ತೊಳೆದರೂ ಮೀನಿನ ವಾಸನೆ ಬಿಡದ ಆ ಅಂಗೈ ಹಿಡಿದು, ಬಂದೆ ಎನ್ನಬೇಕಿತ್ತು. ಅದು ಸಿಗುವುದಿಲ್ಲ ಎಂದ ಮೇಲೆ, ನಿಯಮಕ್ಕಾದರೂ ಒಂದು ಗಟ್ಟಿ ಕಾರಣ ಇರಲಿ, ಯಾರದೋ ಜೀವ ಉಳಿಯಲೆಂದು ತಾನು ಹೊರಗೆ ಕೂತೆ ಎಂದಾಗಲಿ ಎಂಬ ಆಸೆ.

ಸ್ವಾತಿಯ ಕೆಲಸ ಎರಡು ತಿಂಗಳು ನಡೆಯಿತು. ಮೊದಲ ತಿಂಗಳು ಹಳೆಯ ನಿಯಮ. ಎರಡನೆಯ ತಿಂಗಳು ಮನೆಯವರಲ್ಲಿ ಒಬ್ಬರು ಯಾವಾಗ ಬೇಕಾದರೂ ಮಂಚದ ಪಕ್ಕ ಕೂರಬಹುದು. ಎರಡರಲ್ಲೂ ಜ್ವರ, ಬಿ.ಪಿ., ನಿದ್ದೆ ಎಲ್ಲವನ್ನೂ ಅವಳು ಒಂದೇ ರೀತಿ ಬರೆದಿಟ್ಟಳು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮುದುಕಿಯೊಬ್ಬಳು ಇದು ಪೇಪರಿನಲ್ಲಿ ಬರುತ್ತದಾ ಎಂದು ಕೇಳಿ, ಇಲ್ಲ ಎಂದಾಗ ಬೇಜಾರು ಮಾಡಿಕೊಂಡಳು. ಕೊನೆಗೆ ಲೆಕ್ಕ ಹಾಕಿದರೆ ಜ್ವರ ಹೆಚ್ಚಾಗಿರಲಿಲ್ಲ, ಬಿ.ಪಿ. ಏರಿರಲಿಲ್ಲ, ನಿದ್ದೆ ಮಾತ್ರ ತುಸು ಚೆನ್ನಾಗಿತ್ತು. ನಲವತ್ತು ಜನರಿಂದ ಲೋಕಕ್ಕೆಲ್ಲ ತೀರ್ಪು ಕೊಡಲಾಗದು ಎಂದು ಸ್ವಾತಿಯೇ ಎಚ್ಚರಿಸಿದಳು. ಈಗ ವಾರ್ಡು ನೋಡಿಕೊಳ್ಳುವ ವನಜ ಸಿಸ್ಟರ್ ಒಪ್ಪಿದರೆ ಬಾಗಿಲ ಮೇಲಿನ ಬರಹ ಅಳಿಸಲು ತನ್ನ ಅಡ್ಡಿಯಿಲ್ಲ ಎಂದರು ಡಾಕ್ಟರು. ವನಜ ಒಪ್ಪಲಿಲ್ಲ. ನೋಡುವಾ ಎಂದಳು. ಬಾಗಿಲು ಮತ್ತೆ ನಾಲ್ಕರವರೆಗೆ ಮುಚ್ಚಿತು.

ಸ್ವಾತಿಗೆ ತನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಒಂದು ಸಾಲು ಬಾಕಿಯಿತ್ತು: ನಿಯಮ ಯಾವಾಗ, ಯಾಕೆ ಬಂತು. ಸಿಗದಿದ್ದರೆ 'ಮೂಲ ತಿಳಿದಿಲ್ಲ' ಎಂದು ಬರೆಯುತ್ತೇನೆ ಎಂದಳು. ವನಜ ತಾನೇ ಹುಡುಕುತ್ತೇನೆಂದು ಹೊರಟಳು. ಬಟ್ಟೆ ಕೋಣೆಯ ಅಟ್ಟದಲ್ಲಿ, ಸಿಸ್ಟರುಗಳು ದಿನದಿನದ ವಿಷಯ ಬರೆದಿಡುವ ರಿಪೋರ್ಟ್ ಪುಸ್ತಕಗಳ ಹಳೆಯ ಕಟ್ಟು, ಅರ್ಧ ಗೆದ್ದಲಿನ ಪಾಲು. ಎರಡು ದಿನ ಕೂತು ಹಿಂದೆ ಹಿಂದೆ ಹೋದಳು. ಹದಿನೆಂಟು ವರ್ಷ ಹಿಂದಿನ ನವೆಂಬರಿನ ಒಂದು ಹಾಳೆಯಲ್ಲಿ ಅದು ಸಿಕ್ಕಿತು.

'ವಾರ್ಡಿಗೆ ಪೈಂಟ್ ಹೊಡೆಯುತ್ತಿದ್ದಾರೆ. ಏಣಿ, ಡಬ್ಬಿ ದಾರಿಯಲ್ಲಿ ಇರುವುದರಿಂದ, ಕೆಲಸದವರು ಹೋದ ಮೇಲೆ 4ರಿಂದ 5ರವರೆಗೆ ಮಾತ್ರ ಮನೆಯವರನ್ನು ಬಿಡುವುದು. ಮುಂದಿನ ಸೂಚನೆಯವರೆಗೆ.' ಕೆಳಗೆ ಎರಡು ಗೆರೆ ಎಳೆದ ಸಹಿ: ವನಜ.

ಆಗ ನೆನಪಾಯಿತು. ದೊಡ್ಡ ಸಿಸ್ಟರ್ ರಜೆಯಲ್ಲಿದ್ದರು. ಅದು ಅವಳು ಮೊದಲ ಸಲ ವಾರ್ಡು ನೋಡಿಕೊಂಡ ವಾರ. ಪೈಂಟಿನವನು ಮಿಕ್ಕ ನೀಲಿ ಬಣ್ಣದಲ್ಲಿ ಬಾಗಿಲ ಮೇಲೆ ಚೆಂದವಾಗಿ ಬರೆದುಕೊಟ್ಟು ಹೋಗಿದ್ದ. ಬರೆದದ್ದು ಚೆಂದವಾಗಿತ್ತು, ಹಾಗಾಗಿ ಉಳಿಯಿತು. ಮುಂದಿನ ಸೂಚನೆ ಕೊಡಬೇಕಾದವಳು ಮರೆತಳು. ಬೆಕ್ಕು ಅವಳದೇ; ಬುಟ್ಟಿ ಮುಚ್ಚಿದ್ದೂ ಅವಳೇ. ಧೂಳಿನ ಕಟ್ಟುಗಳ ನಡುವೆ ಕೂತು ಅವಳು ಅತ್ತಳು. ಒಂಬತ್ತು ವರ್ಷದಲ್ಲಿ ಹಾಗೆ ಅತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಪುಸ್ತಕವನ್ನು ತೆರೆದು ಸ್ವಾತಿಯ ಮುಂದಿಟ್ಟಳು. ಹುಡುಗಿ ಸಹಿಯವರೆಗೆ ಓದಿದಳು. ಸೀತುವಿನ ಕಥೆ ಅವಳಿಗೂ ಮುತ್ತುವಿನಿಂದ ಗೊತ್ತಾಗಿತ್ತು.

"ಇದನ್ ಬರೀದಿದ್ರೂ ಆತ್ತ್ ಅಕ್ಕ. 'ತಿಳಿದಿಲ್ಲ' ಅಂದೇಳಿ ಹಾಕ್ತೆ."

"ಬರಿ," ಎಂದಳು ವನಜ. "ತಿಳ್ದಿತ್ತ್ ಅಲ್ದಾ."

ಅವಳು ಆ ದಿನದ ರಿಪೋರ್ಟ್ ಪುಸ್ತಕ ಎಳೆದುಕೊಂಡು ಬರೆದಳು: 'ಪೈಂಟ್ ಒಣಗಿದೆ. ಇನ್ನು ಮನೆಯವರನ್ನು ಬಿಡುವುದು.' ಸಹಿ ಹಾಕಿದಳು, ಗೆರೆ ಎಳೆಯಲಿಲ್ಲ.

ಆಮೇಲೆ ಹೋಗಿ ಬಾಗಿಲು ತೆರೆದಳು. ಬೆಂಚಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಗಡಬಡಿಸಿ ಎದ್ದು, ಗದರುತ್ತಾರೇನೋ ಎಂಬ ಹೆದರಿಕೆಯಲ್ಲಿ ಕೇಳಿದಳು:

"ನಾಲ್ಕ್ ಗಂಟಿ ಆಯ್ತಾ ಸಿಸ್ಟರೇ?"

ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತು.

"ಆಯ್ತ್," ಎಂದಳು ವನಜ. "ಬನ್ನಿ. ನಿಮ್ಮನ್ನೇ ಕೇಂತಿದ್ರ್."