ಹನ್ನೊಂದನೆಯ ಕರೆ

ಮೆಟ್ಟಿಲು ಹತ್ತಿ ಆರನೇ ಮಹಡಿ ಮುಟ್ಟುವಷ್ಟರಲ್ಲಿ ಮುಖ್ಯಸ್ಥೆಗೆ ಏದುಸಿರು ಬಂದಿತ್ತು. ಲಿಫ್ಟ್ ದುರಸ್ತಿಯ ಕಂಪನಿಯೊಂದರಲ್ಲಿ ಕೃತಕ ಬುದ್ಧಿಮತ್ತೆಯ ವಿಭಾಗ ನೋಡಿಕೊಳ್ಳುವವಳು ಅವಳು. ಯಾವ ಕಟ್ಟಡಕ್ಕೆ ಮೊದಲು ಮೆಕ್ಯಾನಿಕ್ ಹೋಗಬೇಕೆಂಬುದನ್ನು ಎರಡು ವರ್ಷದಿಂದ ಅವಳು ಕಟ್ಟಿದ ವ್ಯವಸ್ಥೆಯೇ ನಿರ್ಧರಿಸುತ್ತಿತ್ತು. ದೂರು ಕೊಟ್ಟ ಒಬ್ಬರ ಮುಖವನ್ನೂ ಅವಳು ಅಲ್ಲಿಯತನಕ ಕಂಡಿರಲಿಲ್ಲ.

ಅಂದು ಬೆಳಿಗ್ಗೆ ಹಿರಿಯ ಟೆಲಿಫೋನ್ ಆಪರೇಟರ್ ಅವಳ ಕೋಣೆಗೆ ಬಂದು ನಿಂತಿದ್ದಳು. ಕಚೇರಿಗೆಲ್ಲ ಅವಳು ಚಿಕ್ಕಮ್ಮ. ಒಬ್ಬ ಹೆಂಗಸು ಹನ್ನೊಂದು ಸಲ ಕರೆ ಮಾಡಿದ್ದಾಳೆ, ಮಾಡಿದಷ್ಟೂ ಅವಳ ಸರದಿ ಹಿಂದಕ್ಕೇ ಸರಿಯುತ್ತಿದೆ ಎಂದಳು. ಮುಖ್ಯಸ್ಥೆ ನಂಬಲಿಲ್ಲ, ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು. ನಿಜವಾಗಿತ್ತು. ಪದೇ ಪದೇ ಕರೆ ಮಾಡಿ ಸತಾಯಿಸುವವರನ್ನು ಪಟ್ಟಿಯಲ್ಲಿ ಕೆಳಗಿಡು ಎಂದು ಅದಕ್ಕೆ ಕಲಿಸಿದ್ದವಳು ಅವಳೇ. ಅದು ಹೇಳಿದ ಮಾತು ಮೀರಿರಲಿಲ್ಲ.

"ಯಾರೂ ಓಗೊಡ್ಲಿಲ್ಲ ಅಂತ ತಾನೇ ಮೇಡಂ ಮತ್ತೆ ಮತ್ತೆ ಕೂಗೋದು?" ಎಂದು ಚಿಕ್ಕಮ್ಮ ಹೊರಟುಹೋಗಿದ್ದಳು. ವಿಳಾಸ ಬರೆದುಕೊಂಡು ಮುಖ್ಯಸ್ಥೆಯೂ ಎದ್ದಿದ್ದಳು.

ಬಾಗಿಲು ತೆರೆದ ಹೆಂಗಸಿನ ಹಿಂದೆ ಗಾಲಿಕುರ್ಚಿಯಲ್ಲಿ ಅವಳ ಗಂಡ ಕೂತಿದ್ದ. ಹತ್ತೊಂಬತ್ತು ದಿನದಿಂದ ಆತ ಹೊಸ್ತಿಲು ದಾಟಿರಲಿಲ್ಲವಂತೆ.

"ಲಿಫ್ಟ್ ರಿಪೇರಿಗೆ ಬಂದ್ರಾ?"

"ಇಲ್ಲಮ್ಮ. ರಿಪೇರಿಯವರನ್ನ ಕಳಿಸದೆ ಕೂತಿದ್ದೋಳು ನಾನು."

ಹೆಂಗಸು ಬೈಯಲಿಲ್ಲ. ಒಳಗೆ ಕರೆದು ನೀರು ಕೊಟ್ಟಳು. ಬೈದಿದ್ದರೇ ವಾಸಿಯಿತ್ತು ಎನಿಸಿತು ಇವಳಿಗೆ.

ಹೊರಗೆ ಮೆಟ್ಟಿಲ ಮೇಲೆ ಕೂತು ಮೆಕ್ಯಾನಿಕ್‌ನನ್ನು ಕರೆಸಿದಳು. ಆಮೇಲೆ ನಿರ್ದೇಶಕರಿಗೆ ಫೋನ್ ಮಾಡಿ, ವ್ಯವಸ್ಥೆಯನ್ನು ನಿಲ್ಲಿಸಿದ್ದೇನೆ, ಹೀಗೆ ತಳ ಸೇರಿದ ದೂರುಗಳು ಇನ್ನೂ ನಲವತ್ತಿವೆ, ಚಿಕ್ಕಮ್ಮನ ಜೊತೆ ಕೂತು ನಾನೇ ನೋಡುತ್ತೇನೆ ಎಂದಳು. ಆ ವ್ಯವಸ್ಥೆಯನ್ನು ಕೊಳ್ಳಲೆಂದು ಮರುದಿನವೇ ಬೇರೆ ಕಂಪನಿಯವರು ಬರುವವರಿದ್ದರು. ನಿರ್ದೇಶಕರು, ಯಂತ್ರ ಎಡವಿತು ಎಂದು ಬರೆದುಬಿಡೋಣ, ತಪ್ಪು ಯಾರ ತಲೆಯ ಮೇಲೂ ಬರುವುದಿಲ್ಲ ಎಂದರು.

"ಬೇಡ ಸಾರ್. ಅದಕ್ಕೆ ಹಾಗೆ ಕಲಿಸಿದ್ದು ನಾನು. ನನ್ನ ಹೆಸರೇ ಬರೀರಿ."

"ಹಾಗಾದ್ರೆ ನಾಳೆ ಬರೋರಿಗೂ ನೀವೇ ಹೇಳ್ಬೇಕಾಗತ್ತೆ" ಎಂದಷ್ಟೇ ಹೇಳಿ ನಿರ್ದೇಶಕರು ಫೋನಿಟ್ಟರು.

ಮಧ್ಯಾಹ್ನ ಮೂರಕ್ಕೆ ಲಿಫ್ಟ್ ಓಡಿತು. ಕುರ್ಚಿ ತಳ್ಳಲು ಮುಖ್ಯಸ್ಥೆಯೂ ಒಂದು ಕೈ ಕೊಟ್ಟಳು. ಎಲ್ಲಿಗೆ ಹೋಗೋಣವೆಂದು ಗೇಟಿನ ಬಳಿ ಹೆಂಡತಿ ಕೇಳಿದರೆ, ಎಲ್ಲಿಗೂ ಬೇಡವೆಂದು ಆತ ತಲೆಯಾಡಿಸಿದ. ರಸ್ತೆಯಲ್ಲೊಂದು ಬಸ್ಸು ಹೋಯಿತು. ತಿರುವಿನಲ್ಲಿ ಮರೆಯಾಗುವವರೆಗೂ ಅದನ್ನೇ ನೋಡಿ, ಮುಂದಿನ ಬಸ್ಸಿಗಾಗಿ ಕತ್ತನ್ನು ಅದು ಬಂದಿದ್ದ ಕಡೆಗೆ ತಿರುಗಿಸಿದ.